ಗ್ರಿಪ್ ಫುಲ್ ಉಂಟು, ಆದರೂ ಟೈರ್ ಬದಲಿಸಬೇಕಾ?

ಪ್ರಶ್ನೆ (ಸುರತ್ಕಲ್‌ನಿಂದ):
ಅಣ್ಣಾ, ನಾನು ಗಲ್ಫ್‌ನಲ್ಲಿದ್ದೆ, ಈಗ ಊರಿಗೆ ಬಂದು ಕೂತಿದ್ದೇನೆ. ನನ್ನ ಬೈಕ್ ಇಷ್ಟು ವರ್ಷ ಮನೆಯ ಶೆಡ್‌ನಲ್ಲೇ ಇತ್ತು, ಅಪ್ಪ ಆಗಾಗ ಪೇಟೆಗೆ ಹೋಗಿ ಬರುತ್ತಿದ್ದರು ಅಷ್ಟೆ. ಟೈರಿನ ಗ್ರಿಪ್ ಹೊಸದರ ಹಾಗೇ ಉಂಟು. ಆದರೆ ಸರ್ವಿಸಿಗೆ ಬಿಟ್ಟಾಗ ಮೆಕ್ಯಾನಿಕ್ ಎರಡೂ ಟೈರ್ ಬದಲಿಸಿ ಅಂದ. ಅಪ್ಪ ಬೈಯುತ್ತಿದ್ದಾರೆ, ಸುಮ್ನೆ ದುಡ್ಡು ಹಾಳು, ಅವನಿಗೆ ಕಮಿಷನ್ ಸಿಗ್ತದೆ ಅಂತ. ಟೈರ್ ಮೇಲೆ 3417 ಅಂತ ಬರೆದಿದೆ. ಗೆರೆಗಳ ಒಳಗೆ ಕೂದಲಿನಷ್ಟು ಸಣ್ಣ ಬಿರುಕು ಕಾಣ್ತದೆ. ಮಳೆಗಾಲ ಬೇರೆ ಬಂತು. ಯಾರು ಹೇಳಿದ್ದು ಸರಿ?

ಉತ್ತರ (ಟೈರ್ ಅಂಗಡಿ, ಉಡುಪಿ):
ಮೆಕ್ಯಾನಿಕ್ ಹೇಳಿದ್ದೇ ಸರಿ ಮಾರಾಯ್ರೆ. ಅವನಿಗೆ ಕಮಿಷನ್ ಸಿಗ್ತದಾ ಇಲ್ವಾ ನನಗೆ ಗೊತ್ತಿಲ್ಲ, ಆದರೆ ಟೈರ್ ಅಂತೂ ಬದಲಿಸಿ.

3417 ಅಂದರೆ 2017ನೇ ಇಸವಿಯ 34ನೇ ವಾರ, ಅಂದರೆ ಆಗಸ್ಟ್‌ನಲ್ಲಿ ತಯಾರಾದ ಟೈರ್. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ಇಸವಿ. ಎಂಟು ವರ್ಷ ದಾಟಿತು. ಟೈರಿಗೆ ಔಷಧಿಗೆ ಇದ್ದ ಹಾಗೆ ಎಕ್ಸ್‌ಪೈರಿ ಡೇಟ್ ಇಲ್ಲ, ನಿಜ. ಆದರೆ ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆಯಾದರೂ ತಿಳಿದವರಿಗೆ ತೋರಿಸಿ, ಹತ್ತು ವರ್ಷ ಆದರೆ ನೋಡಲಿಕ್ಕೆ ಚೆನ್ನಾಗಿದ್ದರೂ ತೆಗೆದುಬಿಡಿ ಅಂತ ಮಿಷಲಿನ್‌ನಂಥ ಕಂಪನಿಗಳೇ ಹೇಳುತ್ತವೆ. ಹತ್ತು ಅನ್ನುವುದು ಕೊನೆಯ ಗಡಿ. ಅಲ್ಲಿವರೆಗೆ ಓಡಿಸಲೇಬೇಕು ಅಂತ ಅಲ್ಲ. ನಮ್ಮ ಕರಾವಳಿಯ ಬಿಸಿಲು, ಮಳೆ ನೋಡಿದರೆ ಐದಾರು ವರ್ಷಕ್ಕೇ ಬದಲಿಸಿ ಅಂತ ನಾನು ಹೇಳುವುದು.

ಓಡಿಸದೆ ಇಟ್ಟ ಟೈರ್ ಹಾಳಾಗುವುದಿಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಬಿಸಿಲು, ಗಾಳಿಯ ಆಮ್ಲಜನಕ, ಓಝೋನ್ ರಬ್ಬರನ್ನು ತಿನ್ನುತ್ತಲೇ ಇರುತ್ತವೆ. ಅದನ್ನು ತಡೆಯಲಿಕ್ಕೆ ಅಂತಲೇ ಕಂಪನಿಯವರು ರಬ್ಬರಿನೊಳಗೆ ಮೇಣ ಮತ್ತು ಕೆಲವು ರಾಸಾಯನಿಕ ಸೇರಿಸಿರುತ್ತಾರೆ, ಗಾಡಿ ಓಡುವಾಗ ಟೈರ್ ಬಾಗಿ ಬಳುಕಿ ಅದು ಸ್ವಲ್ಪ ಸ್ವಲ್ಪವೇ ಮೇಲೆ ಬಂದು ತೆಳ್ಳಗೆ ಪದರ ಕಟ್ಟುತ್ತದೆ. ನಿಂತೇ ಇರುವ ಗಾಡಿಯಲ್ಲಿ ಈ ಕೆಲಸ ಸರಿಯಾಗಿ ಆಗುವುದಿಲ್ಲ. ಅದರ ಮೇಲೆ ಗಾಳಿ ಇಳಿದು, ಒಂದೇ ಜಾಗದಲ್ಲಿ ಭಾರ ಬಿದ್ದು ಆ ಭಾಗ ಚಪ್ಪಟೆ ಆಗಿರುತ್ತದೆ.

ನಿಮ್ಮ ತಂದೆಯವರಿಗೆ ಹೀಗೆ ತೋರಿಸಿ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಒದ್ದೆ ಬಟ್ಟೆಯಲ್ಲಿ ಟೈರ್ ಒರೆಸಿ, ಟಾರ್ಚನ್ನು ಎದುರಿಂದ ಅಲ್ಲ, ಬದಿಯಿಂದ ಹಿಡಿದು ಚಕ್ರ ನಿಧಾನ ತಿರುಗಿಸಿ. ಬಿರುಕು ಆಗ ಎದ್ದು ಕಾಣುತ್ತದೆ. ಗ್ರಿಪ್‌ನ ಗೆರೆಗಳ ತಳ ನೋಡಿ, ಮತ್ತೆ ರಿಮ್‌ಗೆ ತಾಗುವ ಅಂಚು ನೋಡಿ. ಆಮೇಲೆ ಹೆಬ್ಬೆರಳಿನ ಉಗುರನ್ನು ಗ್ರಿಪ್‌ನ ಮೇಲೆ ಒತ್ತಿ. ಒಳ್ಳೆ ರಬ್ಬರ್ ಸ್ವಲ್ಪ ತಗ್ಗಿ ಮತ್ತೆ ಮೇಲೆ ಬರುತ್ತದೆ. ಮುದಿ ರಬ್ಬರಿನಲ್ಲಿ ಉಗುರು ಇಳಿಯುವುದೇ ಇಲ್ಲ, ಪ್ಲಾಸ್ಟಿಕ್ ಬಕೆಟ್ ಮುಟ್ಟಿದ ಹಾಗೆ ಇರುತ್ತದೆ. ಅಂಥದ್ದನ್ನು ಕಟ್ಟಿಕೊಂಡು ಜೂನ್ ತಿಂಗಳಲ್ಲಿ ನಂತೂರು ಸರ್ಕಲ್‌ನಲ್ಲಿ ಬ್ರೇಕ್ ಹಿಡಿದರೆ ಗ್ರಿಪ್ ಎಷ್ಟು ಆಳ ಇದ್ದು ಏನು ಪ್ರಯೋಜನ? ಗೆರೆ ನೀರನ್ನು ಹೊರಗೆ ಹಾಕುತ್ತದೆ ಅಷ್ಟೆ, ರಸ್ತೆ ಹಿಡಿಯುವುದು ಮೆತ್ತಗಿನ ರಬ್ಬರ್. ಅದರಲ್ಲೂ ಮಂಗಳೂರಿನ ಕಾಂಕ್ರೀಟ್ ರಸ್ತೆ, ಝೀಬ್ರಾ ಗೆರೆಯ ಪೇಂಟ್, ಮ್ಯಾನ್‌ಹೋಲ್ ಮುಚ್ಚಳ, ಹೈವೇಯಲ್ಲಿ ಮೀನಿನ ಲಾರಿಯಿಂದ ಸುರಿದ ನೀರು. ಗಟ್ಟಿ ಟೈರಿಗೆ ಇವೆಲ್ಲ ಒಂದೇ, ಜಾರುವುದೇ.

ಪ್ರಶ್ನೆ (ಮಣಿಪಾಲದಿಂದ):
ಇದರಲ್ಲೇ ನಂದೂ ಕೇಳ್ತೇನೆ ಅಣ್ಣ. ನನ್ನ ಟೈರಿಗೆ ಮೂರೇ ವರ್ಷ, ಬಿರುಕು ಎಂಥದೂ ಇಲ್ಲ. ದಿನಾ ಹೈವೇಯಲ್ಲಿ ಮಂಗಳೂರಿಗೆ ಹೋಗಿ ಬರುತ್ತೇನೆ. ಈಗೀಗ ತಿರುವಿನಲ್ಲಿ ಗಾಡಿ ವಾಲಿಸಿದರೆ ಒಮ್ಮೆಲೇ ಬಿದ್ದ ಹಾಗೆ ಆಗ್ತದೆ. ಟೈರಿಂದಾ, ಬೇರೆ ಏನಾದರೂ?

ಉತ್ತರ:
ಹೆಚ್ಚಾಗಿ ಟೈರೇ. ಎನ್‌ಎಚ್ 66ರಲ್ಲಿ ನೆಟ್ಟಗೆ ಹೋಗುವವರ ಹಿಂದಿನ ಟೈರ್ ನಡುವೆ ಮಾತ್ರ ಸವೆದು ಚಪ್ಪಟೆ ಆಗುತ್ತದೆ, ಬದಿ ಹಾಗೇ ಉಳಿಯುತ್ತದೆ. ವಾಲಿಸುವಾಗ ಆ ಅಂಚು ದಾಟಬೇಕಲ್ವಾ, ಆಗ ಹಾಗೆ ಅನಿಸುವುದು. ಹಿಂದಿನಿಂದ ಸ್ವಲ್ಪ ದೂರ ಕೂತು ನೋಡಿ, ಟೈರ್ ಉರುಟಾಗಿ ಕಾಣಬೇಕು. ಬದಿಯಲ್ಲಿ ಟಿಡಬ್ಲ್ಯೂಐ (ಟೈರ್ ಎಷ್ಟು ಸವೆದಿದೆ ಅಂತ ತೋರಿಸುವ ಗುರುತು) ಅಂತಲೋ ಸಣ್ಣ ತ್ರಿಕೋನವೋ ಇರುತ್ತದೆ, ಅದರ ನೇರಕ್ಕೆ ಗೆರೆಯೊಳಗೆ ಒಂದು ಉಬ್ಬು ಸಿಗುತ್ತದೆ. ಗ್ರಿಪ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂತೋ, ಟೈರ್ ಮುಗಿಯಿತು. ಕಾನೂನು ದ್ವಿಚಕ್ರಕ್ಕೆ 0.8 ಮಿ.ಮೀ.ವರೆಗೆ ಬಿಡುತ್ತದೆ, ಆದರೆ ನಮ್ಮ ಮಳೆಗೆ ಅದು ಸಾಲದು. ನಡುವಿನಲ್ಲಿ 2 ಮಿ.ಮೀ. ಉಳಿದಿದ್ದರೆ ಮೇ ತಿಂಗಳಲ್ಲೇ ಬದಲಿಸಿ. ಬೇಸಿಗೆ ಪೂರ್ತಿ ಸವೆಸಿ ಮಳೆಗಾಲಕ್ಕೆ ಬೋಳು ಟೈರಲ್ಲಿ ಹೋಗುವುದು ಯಾವ ಲೆಕ್ಕದ ಉಳಿತಾಯ?

ಬಿರುಕು ಇಲ್ಲದಿದ್ದರೂ ಬದಿಯಲ್ಲಿ ಎಲ್ಲಾದರೂ ಗುಳ್ಳೆ ಎದ್ದಿದ್ದರೆ, ಒಳಗಿನ ನೂಲು ಕಂಡರೆ, ವರ್ಷ ಲೆಕ್ಕ ಹಾಕುತ್ತಾ ಕೂರಬೇಡಿ. ಹೊಂಡಕ್ಕೆ ಬಿದ್ದು ಒಳಗೆ ನೂಲು ತುಂಡಾಗಿದೆ ಅಂತ ಅರ್ಥ. ಆ ಟೈರಲ್ಲಿ ಮನೆಗೂ ಹೋಗಬೇಡಿ.

ಪ್ರಶ್ನೆ (ಮಲ್ಪೆಯಿಂದ):
ಕಳೆದ ವಾರ ಒಂದು ಅಂಗಡಿಯಲ್ಲಿ ಹೊಸ ಟೈರ್ ಅಂತ ಹಾಕಿಸಿಕೊಂಡೆ. ಮನೆಗೆ ಬಂದು ನೋಡಿದರೆ ಎರಡು ವರ್ಷ ಹಿಂದಿನ ಡೇಟ್! ಕೇಳಿದರೆ ಸ್ಟಾಕ್ ಹಾಗೇ ಬರುವುದು ಅಂತಾರೆ. ಜಗಳ ಮಾಡಲಾ?

ಉತ್ತರ:
ಜಗಳ ಬೇಡ. ನೆರಳಲ್ಲಿ, ಸೆಕೆ ಇಲ್ಲದ ಕಡೆ ಇಟ್ಟ ಟೈರ್ ಗಾಡಿಗೆ ಹಾಕಿದ ಟೈರಿನಷ್ಟು ಬೇಗ ಮುದಿಯಾಗುವುದಿಲ್ಲ. ಉಗುರು ಒತ್ತಿ ನೋಡಿ, ಮೆತ್ತಗಿದ್ದರೆ ಓಡಿಸಿ. ಆದರೆ ಅಂಗಡಿ ಮುಂದೆ ಬಿಸಿಲಿಗೆ ನೇತು ಹಾಕಿದ್ದ ಟೈರ್ ಆದರೆ ವಾಪಸ್ ಕೊಡಿ, ಆಗ ಜಗಳ ಮಾಡಿದರೂ ತಪ್ಪಿಲ್ಲ. ಇನ್ನು ಮುಂದೆ ರಿಮ್‌ಗೆ ಹಾಕುವ ಮೊದಲೇ ಡೇಟ್ ನೋಡಿ. ಕೆಲವು ಟೈರಿನಲ್ಲಿ ಅದು ಒಂದೇ ಬದಿಗೆ ಇರುತ್ತದೆ, ಎರಡೂ ಕಡೆ ತಿರುಗಿಸಿ ಹುಡುಕಿ. ನಾನಾದರೆ ಒಂದು ವರ್ಷದೊಳಗಿನದ್ದೇ ಕೇಳುತ್ತೇನೆ, ಹಳೆ ಸ್ಟಾಕ್ ಆದರೆ ರೇಟ್ ಇಳಿಸಿ ಅಂತೇನೆ.

ಪ್ರಶ್ನೆ (ಕಾಪುವಿನಿಂದ):
ಟೈರ್ ಪಾಲಿಶ್ ಹಾಕಿದರೆ ಬಿರುಕು ಬಿಡುವುದಿಲ್ವಂತೆ, ಹೌದಾ? ಗಾಳಿಯ ಬದಲು ನೈಟ್ರೋಜನ್ ತುಂಬಿಸಿದರೆ?

ಉತ್ತರ:
ಪಾಲಿಶ್ ಫೋಟೋಕ್ಕೆ ಚೆಂದ. ಬೈಕ್ ಟೈರಿನ ನಡುಭಾಗಕ್ಕೆ ತಾಗಿದರೆ ಮೊದಲ ತಿರುವಿನಲ್ಲೇ ಬೀಳುತ್ತೀರಿ. ವಾಟರ್ ಸರ್ವಿಸ್‌ನಲ್ಲಿ ಹೊಳಪಿಗೆ ಡೀಸೆಲ್ ಹೊಡೆಯುತ್ತಾರಲ್ಲ, ಅದೂ ಟೈರಿಗೆ ತಾಗದ ಹಾಗೆ ನೋಡಿಕೊಳ್ಳಿ, ರಬ್ಬರಿಗೆ ಎಣ್ಣೆ ಆಗುವುದಿಲ್ಲ. ನೈಟ್ರೋಜನ್ ಒಳಗಿರುವುದು, ಬಿರುಕು ಬಿಡುವುದು ಹೊರಗೆ. ಸಾದಾ ಗಾಳಿಯೇ ಸಾಕು, ಆದರೆ ಟೈರ್ ತಣ್ಣಗಿರುವಾಗ, ಕಂಪನಿ ಹೇಳಿದ ಲೆಕ್ಕಕ್ಕೆ ಹಾಕಿಸಿ. ಗಾಳಿ ಕಡಿಮೆ ಇದ್ದರೆ ಬದಿ ಜಾಸ್ತಿ ಬಾಗಿ ಬಿಸಿಯಾಗುತ್ತದೆ, ಬಿರುಕು ಬೇಗ ಬರುವುದು ಹಾಗೆ.

ಸುರತ್ಕಲ್‌ನವರು:
ಅಣ್ಣಾ, ಅಪ್ಪ ಉಗುರು ಒತ್ತಿ ನೋಡಿ ಸುಮ್ಮನಾದರು. ಆದರೆ ಹಿಂದಿನದ್ದು ಮಾತ್ರ ಹಾಕು ಅಂತಾರೆ. ಅಷ್ಟು ಸಾಕಾ? ಟ್ಯೂಬ್ ಹಳೆಯದ್ದೇ ನಡೀತದಾ?

ಉತ್ತರ:
ಒಂದೇ ಅಂತಾದರೆ ಮುಂದಿನದ್ದು ಮೊದಲು. ಹಿಂದಿನ ಟೈರ್ ಜಾರಿದರೆ ಸಂಭಾಳಿಸಬಹುದು, ಮುಂದಿನದ್ದು ಜಾರಿದರೆ ನೆಲ ಕಂಡಾಗಲೇ ಗೊತ್ತಾಗುವುದು. ನಿಮ್ಮದು ಎರಡೂ ಒಂದೇ ವಯಸ್ಸು, ಆದ್ದರಿಂದ ಎರಡೂ ಹಾಕಿಸಿಬಿಡಿ. ಟ್ಯೂಬ್ ಹೊಸದೇ ಇರಲಿ, ಹಳೆ ಟ್ಯೂಬ್ ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಚಿಕೊಳ್ಳುತ್ತದೆ. ಕಡ್ಡಿ ಚಕ್ರ ಆದರೆ ರಿಮ್ ಟೇಪ್ ಸಹ ಬದಲಿಸಿ. ಟೈರ್ ಬಿಚ್ಚಿದಾಗ ರಿಮ್‌ನ ಒಳಗೆ ನೀವೇ ಒಮ್ಮೆ ಕೈಯಾಡಿಸಿ. ಸುರತ್ಕಲ್ ಸಮುದ್ರದ ಗಾಳಿಗೆ ಒಳಗಡೆ ತುಕ್ಕು ಎದ್ದಿರುತ್ತದೆ, ಅದನ್ನು ಉಜ್ಜಿ ತೆಗೆಸದಿದ್ದರೆ ಹೊಸ ಟ್ಯೂಬೂ ಪಂಚರ್. ಬದಿಯಲ್ಲಿ ಬಾಣದ ಗುರುತು ಇದ್ದರೆ ಅದು ಚಕ್ರ ತಿರುಗುವ ಕಡೆಗೇ ಇದೆಯಾ ನೋಡಿಕೊಳ್ಳಿ. ಆಮೇಲೆ ಮೊದಲ 150 ಕಿ.ಮೀ. ತಂದೆಯವರ ಸ್ಪೀಡಿನಲ್ಲೇ ಹೋಗಿ, ಹೊಸ ಟೈರಿನ ಮೇಲ್ಪದರ ನುಣುಪು, ಅದು ಸವೆಯುವವರೆಗೆ ಗಟ್ಟಿ ಬ್ರೇಕ್ ಹಿಡಿಯಬೇಡಿ, ಜಾಸ್ತಿ ವಾಲಿಸಬೇಡಿ.