ಅಪ್‌ಡೇಟ್: ಕ್ಯಾಲ್ಗರಿಯಲ್ಲಿ ಬೆಣ್ಣೆ ದೋಸೆ ಟ್ರಕ್ ಓಡ್ತಿದೆ

ಹೋದ ವರ್ಷ ಕೇಳಿದ್ದೆ: ನನ್ನ ತಮ್ಮ ಕೆನಡಾದ ಕ್ಯಾಲ್ಗರಿಯಲ್ಲಿ ಬೆಣ್ಣೆ ದೋಸೆ ಟ್ರಕ್ ಮಾಡಿಸ್ತಿದ್ದಾನೆ, ಮೈನಸ್ 25 ಡಿಗ್ರಿ ಚಳಿಯಲ್ಲಿ ನೀರು, ಗ್ಯಾಸ್ ಕತೆ ಏನು ಅಂತ. ದಾವಣಗೆರೆ ಬಿಸಿಲಲ್ಲಿ ಕೂತ ನನಗೆ ತಲೆಬುಡ ತಿಳಿದಿರಲಿಲ್ಲ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ನೀವು ಹೇಳಿದ ಹಾಗೆ ನೀರಿನ ಟ್ಯಾಂಕು, ಪೈಪು ಒಳಗೇ ತಂದ. ಗೋಡೆಗೆ, ನೆಲದಡಿಗೆ ಫೋಮ್ ಹೊಡೆಸಿದ. ಕೊಳೆನೀರಿನ ಟ್ಯಾಂಕ್ ಮಾತ್ರ ಹೊರಗಿರಲಿ ಅಂದನಂತೆ ಬಾಡಿ ಕಟ್ಟಿದವ. ಮೊದಲ ಚಳಿಗೇ ಅದರ ವಾಲ್ವ್ ಬಿರೀತು. ನೀರು ಹೆಪ್ಪುಗಟ್ಟಿದರೆ ನೂರಕ್ಕೆ ಸುಮಾರು 9 ಪಾಲು ಹಿಗ್ಗುತ್ತೆ, ವಾಲ್ವ್ ಪಾಪ ಏನು ಮಾಡೀತು? ಈಗ ಅದಕ್ಕೂ ಹೀಟರ್ ಪಟ್ಟಿ ಸುತ್ತಿದ್ದಾನೆ.

ಗ್ಯಾಸಿನ ಚಿಂತೆ ಸುಳ್ಳಾಯ್ತು. ನಮ್ಮ ಸಿಲಿಂಡರಿನಲ್ಲಿ ಬ್ಯೂಟೇನ್ ಬೆರೆತಿರುತ್ತೆ, ಅದು ಸೊನ್ನೆ ಡಿಗ್ರಿ ಹತ್ತಿರವೇ ಕೈಕೊಡುತ್ತೆ. ಅಲ್ಲಿ ಪ್ರೊಪೇನ್, ಅದು ಕುದಿಯೋದೇ ಮೈನಸ್ 42ರಲ್ಲಿ, ಹಾಗಾಗಿ ಮೈನಸ್ 25ರಲ್ಲೂ ಆವಿಯಾಗಿ ಒಲೆಗೆ ಬರುತ್ತೆ.

ಯಾರೂ ಹೇಳದೇ ಇದ್ದದ್ದು ಎಕ್ಸಾಸ್ಟ್ ಫ್ಯಾನ್ ಕತೆ. ಹೊಗೆ ಜೊತೆ ಬಿಸಿಗಾಳಿನೂ ಎಳೆದು ಹೊರಹಾಕುತ್ತೆ; ಆ ಜಾಗಕ್ಕೆ ದೋಸೆ ಕೊಡೋ ಕಿಟಕಿಯಿಂದ ಚಳಿ ನುಗ್ಗುತ್ತೆ. ಕೈ ಹಂಚಿನ ಮೇಲೆ ಬೇಯ್ತಿದ್ರೆ ಕಾಲು ಮರಗಟ್ಟುತ್ತೆ. ಕೊನೆಗೆ ಹೊರಗಿನ ಗಾಳಿಯನ್ನ ಕಾಯಿಸಿ ಒಳಗೆ ಬಿಡೋ ಯಂತ್ರ ಹಾಕಿಸಿದ. ದುಡ್ಡು ತಿಂದಿದ್ದು ಅದೇ.

ಹಿಟ್ಟನ್ನ ಬಾಡಿಗೆ ಅಡುಗೆಮನೆಯ ಓವನ್ನಿನಲ್ಲಿ ಬರೀ ಬಲ್ಬ್ ಹಚ್ಚಿ ರಾತ್ರಿಯಿಡೀ ಹುದುಗಲು ಇಡ್ತಾನೆ. ಅವ್ವ ವೀಡಿಯೊ ಕಾಲಿನಲ್ಲಿ ನೋಡಿ, "ಮಂಡಕ್ಕಿ ಕಮ್ಮಿ ಹಾಕೀಯಲ್ಲೋ" ಅಂದಳು. ಬೆಣ್ಣೆ ಕಲ್ಲಾಗುತ್ತಂತೆ, ಡಬ್ಬಿ ಹಂಚಿನ ಪಕ್ಕವೇ ಇರುತ್ತೆ.