ಅಪ್ಪನ ಪದ್ಮಿನಿಯನ್ನು ಮಾರಿದರೆ ಕೊರಗುತ್ತೇನೆಯೇ? ಮಾರಿದವರು ಹೇಳಿ

ಪ್ರಶ್ನೆ: ಚೆಂಬೂರು, ಮುಂಬಯಿ

ನಮ್ಮ ಮನೆಯಲ್ಲಿ 1975ರ ಪ್ರೀಮಿಯರ್ ಪದ್ಮಿನಿ ಕಾರು ಇದೆ. ಅಪ್ಪ 1984ರಲ್ಲಿ ಒಬ್ಬ ಪಾರ್ಸಿ ಡಾಕ್ಟರರಿಂದ ಕೊಂಡದ್ದು. ಕೆನೆ ಬಣ್ಣ, ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ಮುಂದೆ ಸೋಫಾದಂತಹ ಒಂದೇ ಉದ್ದನೆಯ ಸೀಟು. ಕೊಂಕಣ ರೈಲು ಬರುವ ಮೊದಲು ಪ್ರತಿ ಮೇ ತಿಂಗಳು ಇದರಲ್ಲೇ ಪನ್ವೇಲ್, ಮಹಾಡ್, ಚಿಪ್ಳೂಣ್, ಸಾವಂತವಾಡಿ ದಾಟಿ ಉಡುಪಿಗೆ ಹೋಗುತ್ತಿದ್ದೆವು. ಕಶೇಡಿ ಘಾಟಿಯಲ್ಲಿ ಬಿಸಿಯೇರಿ ಗಾಡಿ ನಿಂತರೆ ಅಮ್ಮ ಬೈರಾಸನ್ನು ಒದ್ದೆ ಮಾಡಿ ಕೊಡುತ್ತಿದ್ದಳು, ಅಪ್ಪ ಅದನ್ನು ಫ್ಯೂಯೆಲ್ ಪಂಪಿಗೆ ಸುತ್ತುತ್ತಿದ್ದರು. ಆಮೇಲೆ ಅದೇ ಬೈರಾಸಿನಲ್ಲಿ ನಮ್ಮ ಮುಖ ಒರೆಸುತ್ತಿದ್ದಳು.

ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಕಟ್ಟಡ ಪುನರ್ನಿರ್ಮಾಣಕ್ಕೆ ಹೋಗುತ್ತಿದೆ. ಮೂರು ವರ್ಷ ಬಾಡಿಗೆ ಮನೆ, ಅಲ್ಲಿ ಸ್ಕೂಟರ್ ನಿಲ್ಲಿಸಲೂ ಜಾಗವಿಲ್ಲ. ಹೆಂಡತಿ ಮಾರಿಬಿಡಿ ಎನ್ನುತ್ತಾಳೆ. ಊರಿನಲ್ಲಿರುವ ಅಣ್ಣ, ಮಾರಿದರೆ ನನ್ನ ಜೊತೆ ಮಾತನಾಡಬೇಡ ಎನ್ನುತ್ತಾನೆ. ನಾನು ಓಡಿಸುವುದಾದರೂ ಎಷ್ಟು? ಬ್ಯಾಟರಿ ಸಾಯದಿರಲಿ ಎಂದು ಭಾನುವಾರ ಎರಡು ಕಿಲೋಮೀಟರ್. ಎಷ್ಟಕ್ಕೆ ಹೋಗುತ್ತದೆ ಎಂದು ಕೇಳುತ್ತಿಲ್ಲ. ಹಳೆಯ ಗಾಡಿ ಕೊಟ್ಟವರು ಹೇಳಿ: ಕೊಟ್ಟ ಮೇಲೆ ಹೇಗಿತ್ತು?

ಡೊಂಬಿವಲಿಯಿಂದ

ನಾನು 2009ರಲ್ಲಿ ಕೊಟ್ಟೆ. ನನ್ನದು 1967ರ ಫಿಯಟ್ ಡಿಲೈಟ್, ಅಂದರೆ ನಿಮ್ಮ ಪದ್ಮಿನಿಯ ಅಕ್ಕ. ಅದೇ ಮೈಕಟ್ಟು, ಪದ್ಮಿನಿ ಎಂಬ ಹೆಸರು 1974ರಲ್ಲಿ ಬಂತು ಅಷ್ಟೇ. ಆಗ ನಾವು ಕುರ್ಲಾದ ನೆಹರೂ ನಗರದಲ್ಲಿದ್ದೆವು. ರೈಲು ಹಳಿ ದಾಟಿದರೆ ಆಚೆಗೆ ಈ ಕಾರುಗಳು ಹುಟ್ಟಿದ ಪ್ರೀಮಿಯರ್ ಕಾರ್ಖಾನೆ. ತವರುಮನೆ ಪಕ್ಕದಲ್ಲೇ ಇರುವಾಗ ಬಿಡಿಭಾಗದ ಚಿಂತೆ ಏನು ಎಂದು ನಾನು ಜಂಬ ಕೊಚ್ಚುತ್ತಿದ್ದೆ. ಕೊನೆಗೆ ತವರುಮನೆಯೇ ಬಾಗಿಲು ಹಾಕಿತು.

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ನಮ್ಮ ಕಡೆ ಕಾರಿನ ಸ್ಟಿಯರಿಂಗ್ ಮುಳುಗುವಷ್ಟು ನೀರು ನಿಂತಿತು, ಇಳಿಯಲು ಎರಡು ದಿನ ಹಿಡಿಯಿತು. ಬಾಗಿಲು ತೆರೆದಾಗ ಕೆಸರಿನ ಜೊತೆ ಒಂದು ಸಣ್ಣ ಮೀನು ಹೊರಬಿತ್ತು. ಹೆಂಡತಿ ನಕ್ಕಳು, ನನಗೆ ನಗು ಬರಲಿಲ್ಲ. ಸೀಟಿನೊಳಗಿನ ನಾರು ಹಿಡಿದ ವಾಸನೆ ಕೊನೆಯವರೆಗೂ ಬಿಡಲಿಲ್ಲ. ನೆಲದ ತಗಡು ಕತ್ತರಿಸಿ ಹೊಸದು ಬೆಸೆಸಿದೆ; ಎರಡೇ ಮಳೆಗಾಲಕ್ಕೆ ಅದೂ ತುಕ್ಕು ಹಿಡಿಯಿತು. ನಾಲ್ಕು ವರ್ಷ ನಾನು ಆ ಕಾರನ್ನು ಇಟ್ಟುಕೊಂಡಿದ್ದೆ ಎನ್ನುವುದಕ್ಕಿಂತ ಸಾಕುತ್ತಿದ್ದೆ ಎನ್ನಬೇಕು. ಕಾಯಿಲೆಯ ಎಮ್ಮೆಯನ್ನು ಸಾಕಿದ ಹಾಗೆ.

ನಾಸಿಕದ ಒಬ್ಬ ಹುಡುಗ ಬಂದು ನಲವತ್ತೆರಡು ಸಾವಿರಕ್ಕೆ ಒಯ್ದ. ನಿಜ ಹೇಳುತ್ತೇನೆ, ಆ ಸಂಜೆ ನನಗೆ ಬಿಡುಗಡೆಯಾದಷ್ಟು ಸಂತೋಷವಾಯಿತು. ದುಃಖವಾಗಲಿಲ್ಲವಲ್ಲ ಎಂದು ಸ್ವಲ್ಪ ನಾಚಿಕೆಯೂ ಆಯಿತು. ದುಃಖ ಬಂದದ್ದು ಜೂನ್ ತಿಂಗಳಲ್ಲಿ. ಮೊದಲ ಗುಡುಗಿಗೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಕಾರಿಗೆ ಹೊದಿಸಿದ ತಾಡಪತ್ರೆ ಹಾರಿಹೋಯಿತೇನೋ ಎಂದು ಕಿಟಕಿಗೆ ಹೋಗಿ ಬಗ್ಗಿ ನೋಡಿದೆ. ಕೆಳಗೆ ಬೇರೆಯವರ ಕಾರು ನಿಂತಿತ್ತು. ಹಾಗೆ ಮೂರು ಮಳೆಗಾಲ ಎದ್ದಿದ್ದೇನೆ. ಕೊರಗು ಬಂದೇ ಬರುತ್ತದೆ, ಆದರೆ ನೀವು ಎಣಿಸಿಕೊಂಡು ಕಾಯುವ ಬಾಗಿಲಿನಿಂದ ಬರುವುದಿಲ್ಲ.

ಈಗಲೂ ಒಂದು ಚಟ ಇದೆ. ವಾಹನಗಳ ದಾಖಲೆ ತೋರಿಸುವ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಹಳೆಯ ನಂಬರ್ ಹಾಕಿ ನೋಡುತ್ತೇನೆ. ವಿಮೆ ಚಾಲ್ತಿಯಲ್ಲಿದ್ದರೆ ಗಾಡಿ ಬದುಕಿದೆ ಎಂದರ್ಥ. ಒಮ್ಮೆ ವಿಮೆ ಮುಗಿದಿದೆ ಎಂದು ತೋರಿಸಿತು. ತಡೆಯಲಾಗದೆ ನಾಸಿಕಕ್ಕೆ ಫೋನ್ ಮಾಡಿದೆ. "ಅಂಕಲ್, ಮರೆತುಹೋಗಿತ್ತು" ಎಂದು ನಾಲ್ಕು ದಿನದಲ್ಲಿ ಕಟ್ಟಿದ. ಮಗಳು ಗಂಡನ ಮನೆಯಲ್ಲಿ ಸರಿಯಾಗಿ ಊಟ ಮಾಡುತ್ತಾಳೆಯೇ ಎಂದು ವಿಚಾರಿಸುವ ಮುದುಕನಾಗಿದ್ದೇನೆ ಎಂದು ಮನೆಯಲ್ಲಿ ಗೇಲಿ ಮಾಡುತ್ತಾರೆ.

ಒಂದು ಕೆಲಸ ಮಾಡಿ. ಕೊಡುವ ಮೊದಲು ಸದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ಬೆಳಿಗ್ಗೆ ಚೋಕ್ ಎಳೆದು ಎಬ್ಬಿಸುವಾಗಿನ ಕೆಮ್ಮು, ಬಾಗಿಲು ಮುಚ್ಚುವಾಗಿನ ಧಡ್. ನನ್ನ ಹತ್ತಿರ ಫೋಟೋ ನೂರಿವೆ, ಸದ್ದು ಒಂದೂ ಇಲ್ಲ.

ಕೋಥ್ರೂಡ್, ಪುಣೆಯಿಂದ

ಭಾವನೆಯ ಮಾತು ಆಮೇಲೆ. ಗಾಡಿ ಈಗ ಯಾರ ಹೆಸರಿನಲ್ಲಿದೆ? ಇನ್ನೂ ಅಪ್ಪನ ಹೆಸರಿನಲ್ಲಿದ್ದರೆ ಮೊದಲು ಆರ್‌ಟಿಒ ಕಚೇರಿಯ ನಮೂನೆ 31 ತುಂಬಿ, ಮರಣ ಪ್ರಮಾಣಪತ್ರ ಮತ್ತು ಅಣ್ಣನ ಒಪ್ಪಿಗೆಯ ಅಫಿಡವಿಟ್ ಸೇರಿಸಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅಣ್ಣ ಮಾತು ಬಿಡುವ ಮೊದಲೇ ಸಹಿ ಹಾಕಿಸಿಕೊಂಡರೆ ಉತ್ತಮ. ಮಾರುವಾಗ ನಮೂನೆ 29 ಮತ್ತು 30. ಖಾಲಿ ಹಾಳೆಗೆ ಸಹಿ ಹಾಕಿ ಕೊಡುವುದನ್ನು ಮಾತ್ರ ಮಾಡಬೇಡಿ.

ನಾನು ಮಾಡಿದೆ. ನನ್ನದು ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಇಡೀ ಬಾನೆಟ್ ಮೊಸಳೆ ಬಾಯಿಯಂತೆ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಓಣಿಯ ಮಕ್ಕಳೆಲ್ಲ ಅದನ್ನು ನೋಡಲೆಂದೇ ಬರುತ್ತಿದ್ದರು. 2003ರಲ್ಲಿ ಪರಿಚಯದವರಿಗೆ ಕೊಟ್ಟೆ. ಹೆಸರು ಬದಲಾಯಿಸಿಕೊಳ್ಳುತ್ತೇನೆ ಎಂದರು, ನಂಬಿದೆ. ನಾಲ್ಕು ವರ್ಷದ ಮೇಲೆ ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ನೋಟಿಸು. ಸ್ಕೂಟರ್ ಸವಾರನೊಬ್ಬನ ಕಾಲು ಮುರಿದಿತ್ತು, ಗಾಡಿಗೆ ವಿಮೆ ಇರಲಿಲ್ಲ, ದಾಖಲೆಯ ಪ್ರಕಾರ ಮಾಲೀಕ ನಾನು. ಗಾಡಿ ಮಾರಿ ಬಂದದ್ದರ ಮೂರು ಪಟ್ಟು ತೆತ್ತೆ. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ: ನೋಂದಣಿಯಲ್ಲಿ ಯಾರ ಹೆಸರಿದೆಯೋ ಹೊಣೆ ಅವರದೇ. ಈಗ ಹೆರಾಲ್ಡ್ ಎಂದರೆ ನನಗೆ ಆ ಬಾನೆಟ್ ನೆನಪಾಗುವುದಿಲ್ಲ, ವಕೀಲರ ಕಚೇರಿಯ ಬೆತ್ತ ಹರಿದ ಕುರ್ಚಿ ನೆನಪಾಗುತ್ತದೆ.

ಇನ್ನೊಂದು ಮಾತು. ಹದಿನೈದು ವರ್ಷ ದಾಟಿದ ಗಾಡಿ ಗುಜರಿಗೇ ಹೋಗಬೇಕು ಎಂದು ದಲ್ಲಾಳಿಗಳು ಹೆದರಿಸಿ ಬೆಲೆ ಇಳಿಸುತ್ತಾರೆ. ಅದು ದೆಹಲಿ ಸುತ್ತಮುತ್ತಲಿನ ಕತೆ. ಇಲ್ಲಿ ಖಾಸಗಿ ಕಾರು ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ, ಪರಿಸರ ತೆರಿಗೆ ಕಟ್ಟಬೇಕು. ನಿಮ್ಮದಕ್ಕೆ ಐವತ್ತು ತುಂಬಿರುವುದರಿಂದ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿಗೂ ಅರ್ಹ. ಹಳೆಯ ನಂಬರ್ ಉಳಿಯುತ್ತದೆ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು, ಮತ್ತು ಆಮೇಲೆ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಗೆ ಮಾತ್ರ ಹೊರಗೆ ತೆಗೆಯಬೇಕು. ನಿಮ್ಮ ಎರಡು ಕಿಲೋಮೀಟರ್ ಭಾನುವಾರಕ್ಕೆ ಅದು ಯಾವ ಲೆಕ್ಕಕ್ಕೆ ಬರುತ್ತದೆ ಎಂದು ನೀವೇ ಯೋಚಿಸಿ.

ಮಾಟುಂಗಾದಿಂದ

ನಾನು ನಿಮ್ಮ ಹೆಂಡತಿಯ ಪರ.

ನಮ್ಮ ಮಾವನವರ ಅಂಬಾಸಿಡರ್ ಹದಿನೆಂಟು ವರ್ಷ ನಮ್ಮ ಮನೆಯ ಮೂರನೆಯ ಮಗುವಾಗಿತ್ತು. ಅದಕ್ಕೆ ಭಾನುವಾರ ಅಭ್ಯಂಜನ. ನೀರು ಬಿಡುವುದು ದಿನಕ್ಕೆ ಒಂದೂವರೆ ಗಂಟೆ, ಅದರಲ್ಲಿ ನಾಲ್ಕು ಬಕೆಟ್ ಅದರ ಪಾಲು. ಕಿಂಗ್ಸ್ ಸರ್ಕಲ್‌ನಲ್ಲಿ ರೇಷ್ಮೆ ಸೀರೆ ಉಟ್ಟು ಅದನ್ನು ತಳ್ಳಿದವಳು ನಾನು, ಸ್ಟಿಯರಿಂಗ್ ಹಿಡಿದು ಕೂತವರು ಅವರು. ಆ ಪ್ರೀತಿಯ ಕತೆಗಳಲ್ಲಿ ತಳ್ಳಿದವರ ಹೆಸರು ಎಲ್ಲಿಯೂ ಬರುವುದಿಲ್ಲ.

ಮಾರಿದಾಗ ನನಗೆ ಏನೂ ಅನಿಸಲಿಲ್ಲ. ಒಂದು ಮಾತ್ರ ಒಪ್ಪುತ್ತೇನೆ. ಆ ಗಾಡಿಯಲ್ಲಿ ಏಳು ಜನ ಒಬ್ಬರ ಮೇಲೊಬ್ಬರು ಕೂತು ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಕ್ಕೆ ಹೋಗುತ್ತಿದ್ದೆವು. ಈಗಿನ ಕಾರಿನಲ್ಲಿ ಐದು ಬೆಲ್ಟ್ ಇವೆ, ಹೋಗುವವರು ಇಬ್ಬರೇ.

ಅಂಟಾಪ್ ಹಿಲ್‌ನಿಂದ

ಮಾರಬೇಕೋ ಬೇಡವೋ ಎಂದು ಕೇಳುವ ಸ್ಥಿತಿಯಲ್ಲಿದ್ದೀರಲ್ಲ, ಅದೇ ಭಾಗ್ಯ. ನಮ್ಮ ತಂದೆಯದು ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿ. ಮುಂಬಯಿಯಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ. ನಗರದ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು, ಹಾಗಾಗಿ 2023ರ ಅಕ್ಟೋಬರ್ 30ರಿಂದ ಬೀದಿಯಲ್ಲಿ ಒಂದೂ ಇಲ್ಲ. ಆ ವಾರ ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ಚಿತ್ರ ಬಂದವು. ನಮ್ಮದು ಅದಕ್ಕೂ ಮೊದಲೇ ತೂಕದ ಲೆಕ್ಕದಲ್ಲಿ ಹೋಗಿತ್ತು. ಅದರ ಚಿತ್ರ ಯಾರೂ ತೆಗೆಯಲಿಲ್ಲ. ತಂದೆ ಮೀಟರನ್ನು ಬಿಚ್ಚಿಟ್ಟುಕೊಂಡರು. ಅದು ಈಗ ದೇವರ ಕೋಣೆಯ ಮೇಲಿನ ಅಟ್ಟದಲ್ಲಿದೆ.

ಪಿಂಪ್ರಿಯಿಂದ

ಕಾರಲ್ಲ, ಬೈಕು, ಆದರೂ ಹೇಳುತ್ತೇನೆ. ಮೈಸೂರಿನವನು ನಾನು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಎರಡು ವರ್ಷಕ್ಕೆ ಕೆಲಸ ಹುಡುಕಿ ಇಲ್ಲಿಗೆ ಬಂದೆ. ಬರುವಾಗ ಆ ಕಾರ್ಖಾನೆಯಲ್ಲೇ ತಯಾರಾದ ನನ್ನ ಯೆಜ್ದಿಯನ್ನು ಆರು ಸಾವಿರಕ್ಕೆ ಕೊಟ್ಟು ಬಂದೆ. ಹದಿನೆಂಟು ವರ್ಷ ಅದೇ ಕೊರಗು. ಕೊನೆಗೆ ಅದೇ ಬೈಕನ್ನು ಹುಡುಕಿ ಎಂಬತ್ತು ಸಾವಿರ ಕೊಟ್ಟು ತಂದೆ. ಯೆಜ್ದಿಯಲ್ಲಿ ಕಿಕ್ಕೂ ಗೇರೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲೆತ್ತಿ ಒದೆಯಬೇಕು. ನನ್ನ ಮೊಣಕಾಲು ಅದಕ್ಕೆ ಒಪ್ಪಲಿಲ್ಲ. ಈಗ ಮಗ ಒದ್ದು ಎಬ್ಬಿಸುತ್ತಾನೆ, ನಾನು ಹಿಂದೆ ಕೂರುತ್ತೇನೆ. ಕೊರಗಿಗಿಂತ ಇದು ಅಗ್ಗವೋ ದುಬಾರಿಯೋ, ಇನ್ನೂ ಲೆಕ್ಕ ಸಿಕ್ಕಿಲ್ಲ.

ವಾಸ್ಕೋ, ಗೋವಾದಿಂದ

ನಾನು ಮಾರುವವನಲ್ಲ, ಕೊಳ್ಳುವವನೂ ಅಲ್ಲ. ರಿಪೇರಿ ಮಾಡುವವನು. ಹುಬ್ಬಳ್ಳಿಯಿಂದ ಬಂದು ಇಲ್ಲಿ ಇಪ್ಪತ್ತಾರು ವರ್ಷ. ಹಳೆಯ ಗಾಡಿಯ ಮೇಲಿನ ಪ್ರೀತಿ ಎಂದರೆ ಏನೆಂದು ನನಗೆ ಗೊತ್ತು, ಏಕೆಂದರೆ ಆ ಪ್ರೀತಿಯಿಂದ ಕೆಟ್ಟ ಗಾಡಿಗಳು ನನ್ನ ಹತ್ತಿರವೇ ಬರುತ್ತವೆ.

ಓಡಿಸಿ ಕೆಟ್ಟ ಗಾಡಿಗಿಂತ ನಿಲ್ಲಿಸಿ ಕೆಟ್ಟ ಗಾಡಿ ಹೆಚ್ಚು. ಬ್ರೇಕಿನ ವೀಲ್ ಸಿಲಿಂಡರ್ ಕಚ್ಚಿಕೊಳ್ಳುತ್ತದೆ, ಟ್ಯಾಂಕಿನೊಳಗೆ ತುಕ್ಕು ಕೂರುತ್ತದೆ, ಇಲಿ ವೈರು ಕಡಿಯುತ್ತದೆ. ಈಗ ಪೆಟ್ರೋಲಿನಲ್ಲಿ ಇಪ್ಪತ್ತು ಭಾಗ ಎಥೆನಾಲ್. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಮೆತ್ತಗಾಗಿ ಬಂದ ಗಾಡಿಗಳನ್ನು ನೋಡುತ್ತಿದ್ದೇನೆ. ವಾರಕ್ಕೆ ಎರಡು ಕಿಲೋಮೀಟರ್ ಎಂದರೆ ಎಂಜಿನ್ ಪೂರ್ತಿ ಬಿಸಿಯಾಗುವುದೂ ಇಲ್ಲ. ಅದು ಓಡಿಸಿದ ಹಾಗಲ್ಲ, ಆಸ್ಪತ್ರೆಗೆ ಹೋಗಿ ಹಣ್ಣು ಕೊಟ್ಟು ಬಂದ ಹಾಗೆ.

ಅಣ್ಣನವರಿಗೆ ಅಷ್ಟು ಮನಸ್ಸಿದ್ದರೆ ಗಾಡಿಯನ್ನೇ ಅವರಿಗೆ ಕೊಡಿ. ಕರ್ನಾಟಕಕ್ಕೆ ಒಯ್ದರೆ ಮುಂಬಯಿಯಿಂದ ನಿರಾಕ್ಷೇಪಣಾ ಪತ್ರ ಬೇಕು, ಅಲ್ಲಿ ತೆರಿಗೆ ಕಟ್ಟಬೇಕು, ಅಷ್ಟೇ. ಯಾರು ಓಡಿಸುತ್ತಾರೋ ಗಾಡಿ ಅವರದು.

ಹೊರಗಿನವರಿಗೆ ಕೊಡುವುದಾದರೆ ಬಣ್ಣ ಹೊಡೆಸಬೇಡಿ. ಹೊಸ ಬಣ್ಣ ಕಂಡರೆ ತಿಳಿದವನಿಗೆ ಕೆಳಗೇನು ಮುಚ್ಚಿದ್ದಾರೆ ಎಂಬ ಅನುಮಾನ ಬರುತ್ತದೆ. ಎಂಜಿನ್ ಮತ್ತು ಚಾಸಿ ನಂಬರ್ ನೋಂದಣಿ ಪುಸ್ತಕದ ಜೊತೆ ಹೊಂದುತ್ತವೆಯೇ ನೋಡಿಡಿ. ತೆಗೆದಿಟ್ಟ ಹಳೆಯ ಭಾಗ ಏನೇ ಇರಲಿ, ಮುರಿದ ಹಿಡಿಕೆಯೂ ಸರಿ, ಒಂದು ಚೀಲದಲ್ಲಿ ಹಾಕಿ ಜೊತೆಗೇ ಕೊಡಿ. ಕೊಳ್ಳಲು ಬಂದವರಲ್ಲಿ ಬೆಲೆ ಮೊದಲು ಕೇಳುವವನನ್ನು ಕೂರಿಸಿ ಚಹಾ ಕೊಟ್ಟು ಕಳಿಸಿ. ಮಲಗಿ ಗಾಡಿಯ ಅಡಿ ನೋಡುವವನು ಬಂದರೆ ಅವನ ಜೊತೆ ಮಾತನಾಡಿ.

ಚೆಂಬೂರಿನಿಂದ ಮತ್ತೆ

ಎಲ್ಲರದ್ದನ್ನೂ ಎರಡೆರಡು ಸಲ ಓದಿದೆ. ಮಾಟುಂಗಾದವರ ಉತ್ತರವನ್ನು ನನ್ನ ಹೆಂಡತಿ ನಾಲ್ಕು ಸಲ ಓದಿದಳು.

ಅಣ್ಣನಿಗೆ ಫೋನ್ ಮಾಡಿ, ಗಾಡಿ ನೀನೇ ಇಟ್ಟುಕೋ, ಲಾರಿಯ ಖರ್ಚು ನನ್ನದು ಎಂದೆ. ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ, ಶೆಡ್ಡಿನಲ್ಲಿ ತೆಂಗಿನಕಾಯಿ ತುಂಬಿದೆ, ಮಳೆಗಾಲ ಕಳೆಯಲಿ ನೋಡೋಣ ಎಂದ. ಅಫಿಡವಿಟ್ ಕಳಿಸಲೇ ಎಂದು ಕೇಳಿದೆ. ಕಳಿಸು ಎಂದ. ಮಾತು ಬಿಟ್ಟಿಲ್ಲ. ಸಹಿ ಹಾಕಿ ಕಳಿಸಿದ್ದಾನೆ; ಲಕೋಟೆಯಲ್ಲಿ ಗಾಡಿಯ ಎರಡನೆಯ ಕೀಲಿಕೈಯೂ ಇತ್ತು. ಅದು ಇಷ್ಟು ವರ್ಷ ಅವನ ಹತ್ತಿರ ಇದ್ದದ್ದು ನನಗೆ ತಿಳಿದಿರಲಿಲ್ಲ.

ಹೆಸರು ಬದಲಾವಣೆಗೆ ಅರ್ಜಿ ಹಾಕಿದ್ದೇನೆ. ಪುಣೆಯಿಂದ ಒಬ್ಬರು ಶನಿವಾರ ನೋಡಲು ಬರುತ್ತಾರೆ. ಫೋನಿನಲ್ಲಿ ಬೆಲೆ ಕೇಳಲಿಲ್ಲ. ತುಕ್ಕು ಹಿಡಿದ ತಗಡನ್ನು ಮುಚ್ಚುವ ಪುಟ್ಟಿಯ ಲೇಪ ಇದೆಯೇ ಎಂದು ನೋಡಲು ಅಯಸ್ಕಾಂತ ತರುತ್ತಾರಂತೆ, ಪುಟ್ಟಿಗೆ ಅದು ಅಂಟುವುದಿಲ್ಲವಲ್ಲ. ಬೆಳಿಗ್ಗೆ ಎದ್ದು ಸದ್ದು ಹಿಡಿದಿಟ್ಟುಕೊಂಡೆ. ನಡುವೆ ಪಕ್ಕದ ಮನೆಯ ಕುಕ್ಕರ್ ಮೂರು ಸಲ ಕೂಗಿದೆ, ಇರಲಿ.

ವಾಸ್ಕೋದವರಿಗೆ ಒಂದು ಪ್ರಶ್ನೆ. ಎಡಗಡೆಯ ಹಿಂಬಾಗಿಲ ಕೆಳಗೆ ಅಪ್ಪ 1996ರಲ್ಲಿ ಪುಟ್ಟಿ ತುಂಬಿಸಿದ್ದರು, ಅಂಗೈ ಅಗಲ. ಮೇಲಿಂದ ಗೊತ್ತಾಗುವುದಿಲ್ಲ. ಅವರು ಅಯಸ್ಕಾಂತ ಹೊರತೆಗೆಯುವ ಮೊದಲು ನಾನೇ ಹೇಳಿಬಿಡಲೇ?

ವಾಸ್ಕೋದಿಂದ

ಹೇಳಿಬಿಡಿ. ಕೈ ಇಟ್ಟು ತೋರಿಸಿ.