ಪೌಷ್ಟಿಕಾಂಶದ ಪಾಠಕ್ಕೆ ಬಿಸ್ಕತ್ ಕಂಪನಿ ಯಾಕೆ?

ತುಮಕೂರಿನ ಅಮ್ಮ: ಮಗಳ ಶಾಲೆಗೆ ಒಂದು ಬಿಸ್ಕತ್ ಕಂಪನಿಯವರು ಬಂದು ಒಳ್ಳೆಯ ಊಟದ ಬಗ್ಗೆ ಪಾಠ ಮಾಡಿ, ಕೊನೆಗೆ ಎಲ್ಲರಿಗೂ ಕ್ರೀಮ್ ಬಿಸ್ಕತ್ ಹಂಚಿ ಹೋಗಿದ್ದಾರೆ. ಇದಕ್ಕೆ ನಿಯಮ ಏನೂ ಇಲ್ವಾ?

ಮೇಷ್ಟ್ರು: ಇದೆ. ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ 2020ರ ನಿಯಮದ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರ್ ಒಳಗೂ ಮಾರುವ ಹಾಗಿಲ್ಲ, ಜಾಹೀರಾತೂ ಮಾಡುವ ಹಾಗಿಲ್ಲ. ಪುಕ್ಕಟೆ ಹಂಚಿದ್ದು ಜಾಹೀರಾತಲ್ಲದೆ ಇನ್ನೇನು?

ಕಿರಣ: ಕಂಪನಿಯಿಂದ ಚಾರ್ಟು, ಪುಸ್ತಕ ಸುಮ್ನೆ ಸಿಗುವಾಗ ದುಡ್ಡಿಲ್ಲದ ಶಾಲೆ ಬೇಡ ಅನ್ನುತ್ತಾ?

ಮೇಷ್ಟ್ರು: ಚಾರ್ಟಿಗೆ ಎಷ್ಟು ಖರ್ಚು ಮಾರಾಯ್ರೆ! ಸಿಬಿಎಸ್‌ಇ 2025ರಲ್ಲಿ ಶಾಲೆಗಳಿಗೆ ‘ಶುಗರ್ ಬೋರ್ಡ್’ ಹಾಕಲು ಹೇಳಿದೆ, ಯಾವ ತಿನಿಸಲ್ಲಿ ಎಷ್ಟು ಸಕ್ಕರೆ ಅಂತ ಮಕ್ಕಳೇ ಬರೆಯಬಹುದು. ಅಮ್ಮಾವ್ರೇ, ಅನುಮತಿ ಕೊಟ್ಟವರು ಯಾರು ಅಂತ ಪೋಷಕರ ಸಭೆಯಲ್ಲಿ ಕೇಳಿ.